ಐದನೆಯ ಬಡಿತ

ಅಡುಗೆಮನೆಗೆ ಬಣ್ಣ ಹೊಡೆಯಲು ಬಂದ ಮುರುಗೇಶ್ ಗ್ಯಾಸ್ ಒಲೆಯ ಪಕ್ಕದ ಗೋಡೆಯ ಮುಂದೆ ನಿಂತು ಬಹಳ ಹೊತ್ತು ತಲೆ ಕೆರೆದುಕೊಂಡ. ಅಲ್ಲಿ ಒಂದೇ ಸಾಲಿನಲ್ಲಿ ಆರು ಬಿಳಿ ಬೊಟ್ಟುಗಳಿವೆ. ಹೆಬ್ಬೆಟ್ಟಿನ ಗಾತ್ರದವು ನಾಲ್ಕು, ಆಮೇಲೆ ಅಂಗೈಯಷ್ಟು ಅಗಲದ್ದು ಒಂದು, ಕೊನೆಗೆ ಮತ್ತೆ ಹೆಬ್ಬೆಟ್ಟಿನಷ್ಟೇ ಒಂದು. ಜೋಳದ ಹಿಟ್ಟು ಮೆತ್ತಿದ ಕೈಯಿಂದ ಒತ್ತಿದವು. ಎರಡು ವರ್ಷದಿಂದ ಒಗ್ಗರಣೆಯ ಹೊಗೆ ಕುಡಿದು ಈಗ ಸ್ವಲ್ಪ ಹಳದಿಗೆ ತಿರುಗಿವೆ.

"ಮೇಡಂ, ಇದು ದೇವ್ರುದ್ದಾ?" ಅಂದ.

"ದೇವರದ್ದಲ್ಲಪ್ಪ."

"ಹಾಗಾದ್ರೆ ಉಜ್ಜಿ ತೆಗೆದ್ಬಿಡ್ಲಾ?"

"ಬೇಡ. ಅದನ್ನ ಬಿಟ್ಟು ಸುತ್ತ ಹೊಡಿ."

ಯಾವುದೋ ಮಗು ಮಾಡಿದ್ದಿರಬೇಕು, ಆ ಮಗು ಈಗ ದೂರದಲ್ಲಿರಬೇಕು ಎಂದು ಅವನೇ ಒಂದು ಕಥೆ ಕಟ್ಟಿಕೊಂಡಂತೆ ಕಂಡಿತು. ದನಿ ಇಳಿಸಿ "ಸರಿ ಮೇಡಂ" ಎಂದು ಸುತ್ತಲೂ ಟೇಪು ಅಂಟಿಸತೊಡಗಿದ. ಆ ಮಗು ನಾನೇ, ಆಗ ನನಗೆ ನಲವತ್ತೊಂಬತ್ತು ವರ್ಷ ಎಂದು ಅವನಿಗೆ ಹೇಳುವ ಧೈರ್ಯ ಬರಲಿಲ್ಲ. ನಿಮಗೆ ಹೇಳಬಹುದು. ಬಣ್ಣ ಒಣಗುವ ತನಕ ನನಗೂ ಬೇರೆ ಕೆಲಸವಿಲ್ಲ, ಒಲೆ ಹಚ್ಚುವ ಹಾಗಿಲ್ಲ.

ಆ ಆರು ಬೊಟ್ಟು ಒಂದು ಇಂಗ್ಲಿಷ್ ಪದ. ಸ್ಪೆಕ್ಟ್ರೋಫೋಟೋಮೆಟ್ರಿಕ್. ನಿಮ್ಮ ಕಣ್ಣು ಈಗ ಅದರ ಮೇಲಿಂದ ಹಾರಿ ಮುಂದಿನ ವಾಕ್ಯಕ್ಕೆ ಬಂದಿದ್ದರೆ ಬೇಜಾರಿಲ್ಲ. ನಾನೂ ವರ್ಷಗಟ್ಟಲೆ ಹಾಗೆಯೇ ಹಾರಿದವಳು. ವ್ಯತ್ಯಾಸ ಇಷ್ಟೇ, ನಾನು ಅದೇ ಪದದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ.

ನಾನು ಯಲಹಂಕದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ನಮ್ಮ ಲ್ಯಾಬಿನಲ್ಲಿ ಒಂದು ಪೆಟ್ಟಿಗೆಯಿದೆ. ಬಣ್ಣ ಬಂದ ನೀರನ್ನು ಒಂದು ಪುಟ್ಟ ಗಾಜಿನ ಕೊಳವೆಯಲ್ಲಿ ತುಂಬಿ ಆ ಪೆಟ್ಟಿಗೆಯೊಳಗೆ ಇಟ್ಟರೆ, ಅದು ನೀರಿನ ಮೂಲಕ ಬೆಳಕು ಹಾಯಿಸಿ, ನೀರು ಎಷ್ಟು ಬೆಳಕು ನುಂಗಿತು ಎಂದು ಹೇಳುತ್ತದೆ. ಕೊಳವೆಬಾವಿಯ ನೀರಿಗೆ ಒಂದು ಔಷಧ ಹಾಕಿದರೆ, ಅದರಲ್ಲಿ ಕಬ್ಬಿಣವಿದ್ದಷ್ಟೂ ಕಿತ್ತಳೆಗೆಂಪು ಬಣ್ಣ ಏರುತ್ತದೆ. ಬಣ್ಣ ಎಷ್ಟು ಏರಿತು ಎಂದು ಕಣ್ಣಳತೆಯಲ್ಲಿ ಹೇಳದೆ ಪೆಟ್ಟಿಗೆಯಿಂದ ಹೇಳಿಸುವ ಆ ವಿಧಾನಕ್ಕೆ ಇರುವ ವಿಶೇಷಣವೇ ಈ ಆರು ತುಂಡಿನ ಪದ. ಬಿಡಿಸಿ ನೋಡಿದರೆ ಪಾಪ, ಒಳಗೆ ಏನೂ ಭಯಂಕರವಿಲ್ಲ. ಮೊದಲ ಎರಡು ತುಂಡಿನಲ್ಲಿ ಬಣ್ಣಗಳ ಹರವು, ನಡುವಿನ ಎರಡರಲ್ಲಿ ಬೆಳಕು, ಕೊನೆಯ ಎರಡರಲ್ಲಿ ಅಳತೆ. ಲ್ಯಾಟಿನ್ನಿನವರೊಬ್ಬರು, ಗ್ರೀಕಿನವರಿಬ್ಬರು ಸೇರಿ ಒಂದೇ ಬಾಡಿಗೆ ಮನೆಯಲ್ಲಿ ಇದ್ದಾರೆ. ಬಾಲದಲ್ಲಿ ಒಂದು 'ಇಕ್' ಇದೆ, ಅದರ ಕಥೆ ಆಮೇಲೆ ಬರುತ್ತದೆ.

ಎಂಟು ವರ್ಷ ನಾನು ತಣಿಸಂದ್ರದಿಂದ ಪುಟ್ಟೇನಹಳ್ಳಿಯವರೆಗೆ ಮನೆಮನೆಗೆ ಹೋಗಿ ಬಾಟಲಿಯಲ್ಲಿ ಬೋರಿನ ನೀರು ಹಿಡಿದು ತಂದೆ. ನಾನು ನೀರಿನ ಆಫೀಸಿನವಳೆಂದೇ ಜನ ತಿಳಿದರು. ಗಂಗಾನಗರದಲ್ಲಿ ಒಬ್ಬ ಅಜ್ಜಿ ಕಾಫಿ ಕೊಟ್ಟು, ಎದುರಿಗೆ ಕೂರಿಸಿಕೊಂಡು, "ಈಗ ಹೇಳಿ, ಕಾವೇರಿ ನೀರು ದಿನಾ ಯಾವಾಗಿಂದ ಬಿಡ್ತೀರಿ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದರೆ ಕಾಫಿಗೆ ದ್ರೋಹವಾಗುತ್ತದೆ ಎಂದು "ಪ್ರಯತ್ನ ನಡೀತಿದೆ ಅಜ್ಜಿ" ಎಂದು ಬಂದುಬಿಟ್ಟೆ. ಆ ಅಜ್ಜಿಯ ನೀರು ಬಹಳ ಚೆನ್ನಾಗಿ ಬಣ್ಣ ಬಂದಿತ್ತು.

ಇಷ್ಟೆಲ್ಲ ಮಾಡಿದರೂ ಆ ಪದವನ್ನು ಒಮ್ಮೆಯೂ ಪೂರ್ತಿ ಬಾಯಿಬಿಟ್ಟು ಹೇಳಿರಲಿಲ್ಲ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ಚಾಕ್‌ಪೀಸಿನಿಂದ ತೋರಿಸುತ್ತಿದ್ದೆ. "ಈ ವಿಧಾನ" ಅನ್ನುತ್ತಿದ್ದೆ. ಮಕ್ಕಳು "ಸ್ಪೆಕ್ಟ್ರೋ" ಎಂದು ಕತ್ತರಿಸಿಕೊಂಡಿದ್ದರು, ಅವರ ಮರೆಯಲ್ಲಿ ನಾನೂ ಬದುಕಿದೆ. ಗಂಡನ ಹೆಸರು ಹೇಳದೆ ಸಂಸಾರ ಮಾಡಿದ ನಮ್ಮ ಅಜ್ಜಿಯ ಹಾಗೆ ನಾನು ಈ ಪದದ ಜೊತೆ ಎಂಟು ವರ್ಷ ಸಂಸಾರ ಮಾಡಿದೆ.

ಕಾರಣವಿತ್ತು. ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ ನಗರದ ನಡುವಿನ ಒಂದು ಕಾಲೇಜಿನ ವಿಚಾರಸಂಕಿರಣದಲ್ಲಿ ಪ್ರಬಂಧ ಓದಲು ಎದ್ದಿದ್ದೆ. ಶೀರ್ಷಿಕೆಯಲ್ಲೇ ಅದು ಕೂತಿತ್ತು. ಸ್ಪೆಕ್ಟ್ರೋ ಅಂದೆ, ಫೋ ಅಂದೆ, ಅಲ್ಲೇ ನಿಂತೆ. ಮತ್ತೆ ಮೊದಲಿನಿಂದ ಹೊರಟೆ, ಮತ್ತೆ ಫೋ. ಮುಂದಿನ ಸಾಲಿನಲ್ಲಿ ಇಬ್ಬರು ತರುಣಿಯರು ಒಬ್ಬರನ್ನೊಬ್ಬರು ನೋಡಿ ತುಟಿ ಕಚ್ಚಿಕೊಂಡರು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ವೇದಿಕೆಯ ಮೇಲಿದ್ದ ಅಧ್ಯಕ್ಷರು ಬಹಳ ಮರ್ಯಾದೆಯಿಂದ, ಬಹಳ ಮೃದುವಾಗಿ, ನನ್ನ ಪರವಾಗಿ ಆ ಪದವನ್ನು ಪೂರ್ತಿ ಹೇಳಿ, "ಮುಂದುವರಿಸಿ ಅಮ್ಮಾ" ಅಂದರು. ಆ ಮೃದುತನ ನನ್ನನ್ನು ಸುಟ್ಟುಬಿಟ್ಟಿತು. ಹೆಬ್ಬಾಳದ ತನಕ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ ಎಂದು ಈಗ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ನೋಡಿದರೆ ನಾನು ಉದ್ದದ ಪದಗಳಿಗೆ ಹೆದರುವವಳಾಗಿರಲಿಲ್ಲ. ರೋಣದ ಹತ್ತಿರದ ನಮ್ಮೂರ ಶಾಲೆಯಲ್ಲಿ ಅವುಗಳಲ್ಲಿ ನಾನೇ ಫಸ್ಟ್. ನಮ್ಮ ಇಂಗ್ಲಿಷ್ ಮಾಸ್ತರರು ಉದ್ದದ ಪದವನ್ನು ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲಿ ಬರೆದು, ನಡುನಡುವೆ ಗೆರೆ ಎಳೆದು ತುಂಡು ಮಾಡುತ್ತಿದ್ದರು. ಒಂದೊಂದು ತುಂಡಿಗೂ ಮೇಜಿನ ಮೇಲೆ ರೂಲು ದೊಣ್ಣೆಯ ಒಂದೊಂದು ಏಟು. ಎನ್, ಸೈ, ಕ್ಲೋ, ಪೀ, ಡಿ, ಯಾ. ಆರು ಏಟೂ ಸಮ. ಅವರ ಲೆಕ್ಕದಲ್ಲಿ ಅಕ್ಷರಗಳೆಲ್ಲ ಒಂದೇ ಪಂಕ್ತಿಯಲ್ಲಿ ಕೂತ ಅತಿಥಿಗಳು, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಬಡಿಸುವಂತಿಲ್ಲ. ಈ ನ್ಯಾಯ ನನಗೆ ಬಹಳ ಹಿಡಿಸಿತ್ತು. ಮನೆಗೆ ಬಂದು ಒಲೆಯ ಮುಂದೆ ಕೂತು ಕೂಗಿ ಕೂಗಿ ಬಾಯಿಪಾಠ ಮಾಡುತ್ತಿದ್ದೆ. ಆ ಕಡೆ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಈ ಕಡೆ ನಾನು ಪದ ಬಡಿಯುತ್ತಿದ್ದೆ. "ನಿನ್ನ ಇಂಗ್ಲಿಷಿನ ಗದ್ದಲದಾಗ ನನ್ನ ಕೈ ತಪ್ಪಾಕತ್ತೈತಿ, ಆ ಕಡೆ ಹೋಗು" ಎಂದು ಅವ್ವ ಬೈದದ್ದು ನೆನಪಿದೆ. ಎರಡಕ್ಕೂ ಏನಾದರೂ ಸಂಬಂಧವಿದೆಯೇ ಎಂದು ಆಗ ಯಾರು ಯೋಚಿಸಿದ್ದರು? ಪದಗಳು ಬಂದವು, ರೊಟ್ಟಿ ಬರಲಿಲ್ಲ. ಗದಗ ಜಿಲ್ಲೆಯ ಹೆಣ್ಣುಮಗಳು ಯಲಹಂಕದಲ್ಲಿ ರೊಟ್ಟಿ ಕೊಂಡು ತಿನ್ನುತ್ತಾಳೆ ಎಂಬುದು ನಮ್ಮ ಬಳಗದಲ್ಲಿ ಇವತ್ತಿಗೂ ಮದುವೆ ಮನೆಗಳ ಮಾತು.

ಪಿಎಚ್‌ಡಿ ಮುಗಿಯಿತು. ಉಳಿದದ್ದು ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ. ಅದು ತೆರೆದ ಸಭೆ, ಯಾರು ಬೇಕಾದರೂ ಬಂದು ಕೂರಬಹುದು. ನಮ್ಮ ಗೈಡ್ ಮೇಡಂ ಕರೆದು ನಿಯಮ ಹೇಳಿದರು. "ನೋಡಿ ಸುನಂದಾ, ಮೊದಲು ನೀವು ಥೀಸಿಸ್ ಟೈಟಲ್ ಪೂರ್ತಿ ಓದ್ಬೇಕು. ಸ್ಪೆಕ್ಟ್ರೋ ಗಿಕ್ಟ್ರೋ ಅಂತ ಕಟ್ ಮಾಡೋ ಹಾಗಿಲ್ಲ. ಹೊರಗಿನಿಂದ ಬರೋ ಎಕ್ಸಾಮಿನರ್ ತುಂಬಾ ಹಳಬರು, ಸ್ಟ್ರಿಕ್ಟು."

ಮೂರು ತಿಂಗಳು ಸಮಯವಿತ್ತು. ಎಂಟು ವರ್ಷದ ನೀರು, ಬಣ್ಣ, ಲೆಕ್ಕ ಯಾವುದರ ಬಗ್ಗೆಯೂ ನನಗೆ ಭಯವಿರಲಿಲ್ಲ. ಮೊದಲ ಸಾಲಿನ ಮೊದಲ ಪದದ ಹತ್ತಿರ ಮತ್ತೆ ಯಾರಾದರೂ ಮೃದುವಾಗಿ ನನ್ನ ಪರವಾಗಿ ಹೇಳಿಬಿಟ್ಟರೆ ಅನ್ನುವುದೊಂದೇ ಭಯ. ಹಾಗೇನಾದರೂ ಆದರೆ ಪದವಿ ಸಿಕ್ಕಿದರೂ ಅದು ನನ್ನದಲ್ಲ ಅನ್ನಿಸಿಬಿಡುತ್ತಿತ್ತು.

ಪಿಯುಸಿ ಓದುತ್ತಿದ್ದ ಮಗಳು ಮೇಘಾ ಗುರುವಾದಳು. ಫೋನಿನಲ್ಲಿ ಒಂದು ಹೆಣ್ಣುದನಿಯಿಂದ ಪದ ಹೇಳಿಸಿದಳು. ಆ ದನಿ ಐದನೆಯ ತುಂಡಿಗೆ ಬಂದಾಗ ಮೆಟ್ಟಿಲು ಹತ್ತಿದಂತೆ ಹತ್ತಿ, ಇಳಿದುಹೋಯಿತು.

"ಕೇಳಿಸ್ತಾ? ಸ್ಟ್ರೆಸ್ ಇರೋದು 'ಮೆಟ್' ಮೇಲೆ ಅಮ್ಮಾ. ನೀನು ಎಲ್ಲದಕ್ಕೂ ಹಾಕ್ತೀಯ."

"ಎಲ್ಲಾ ಅಕ್ಷರವೂ ಒಂದೇ ಅಲ್ವೇನೇ?"

"ಇಂಗ್ಲಿಷ್‌ನಲ್ಲಿ ಅಲ್ಲ. ಕೊನೇಲಿ ಇಕ್ ಬಂದ್ರೆ ಅದರ ಹಿಂದಿನದಕ್ಕೇ ಸ್ಟ್ರೆಸ್. ಮಷೀನ್ ಹೆಸರು ಹೇಳೋವಾಗ ಮಾತ್ರ 'ಟೋ' ಮೇಲೆ."

ಇದು ಯಾವ ನ್ಯಾಯ? ಪೆಟ್ಟಿಗೆಯ ಹೆಸರಾಗಿದ್ದಾಗ ನಾಲ್ಕನೆಯವನಿಗಿದ್ದ ಮರ್ಯಾದೆ, ಬಾಲಕ್ಕೆ ಒಂದು ಇಕ್ ಬಂದು ಕೂತ ಕೂಡಲೇ ಐದನೆಯವನಿಗೆ ಹೋಗಿಬಿಡುತ್ತದೆ. ಬಿಎಂಟಿಸಿ ಬಸ್ಸಿನ ಕೊನೆಯ ಸೀಟಿನ ತುದಿಗೆ ಯಾರೋ ಬಂದು ಕೂತರೆ ಎಲ್ಲರೂ ಒಂದಿಷ್ಟು ಸರಿಯುತ್ತಾರಲ್ಲ, ಹಾಗೆ. ನಮಗೆ ಒತ್ತು ಎಂದರೆ ಅಕ್ಷರದ ಕೆಳಗೆ ನೇತಾಡುವ ಒತ್ತು. ಅದನ್ನು ಬರೆಯಬಹುದು, ತೋರಿಸಬಹುದು. ಇವರ ಒತ್ತು ಗಾಳಿಯಲ್ಲಿದೆ, ಕಣ್ಣಿಗೆ ಕಾಣದು.

ಸೋಲೊಪ್ಪದೆ ನಮ್ಮ ಶಾಲೆಯ ಹಳೆಯ ಛಂದಸ್ಸನ್ನು ನೆನಪಿಸಿಕೊಂಡು ಪದವನ್ನು ಕನ್ನಡದಲ್ಲಿ ಬರೆದು ಲಘು ಗುರು ಹಾಕಿದೆ. ಒತ್ತಕ್ಷರದ ಹಿಂದಿನದು ಗುರು, ದೀರ್ಘ ಗುರು, ಕೊನೆಗೆ ವ್ಯಂಜನವಿದ್ದರೂ ಗುರು. ಹಾಕಿ ನೋಡಿದರೆ ಆರಕ್ಕೆ ಆರೂ ಗುರುಗಳೇ. ಶಿಷ್ಯ ಅಂತ ಹೇಳಿಕೊಳ್ಳಲು ಒಬ್ಬನೂ ಇಲ್ಲ. ನಾನು ಸಿಕ್ಕಿಹಾಕಿಕೊಳ್ಳುತ್ತಿದ್ದುದು ಏಕೆ ಎಂದು ಆಗ ಅರ್ಥವಾಯಿತು. ಆರು ಗುರುಗಳನ್ನೂ ಸಮನಾಗಿ ಹೊತ್ತುಕೊಂಡು ಹೊರಟವಳಿಗೆ ಮೂರನೆಯದಕ್ಕೇ ಉಸಿರು ಮುಗಿಯುತ್ತಿತ್ತು. ಅರ್ಥವಾದ ಮಾತ್ರಕ್ಕೆ ನಾಲಿಗೆ ಕೇಳಬೇಕಲ್ಲ.

ಇಲ್ಲಿ ನೀಲವ್ವ ಬರುತ್ತಾಳೆ. ಹುನಗುಂದದ ಕಡೆಯವಳು, ಗಂಡ ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಪುಟ್ಟೇನಹಳ್ಳಿಯಲ್ಲಿ ಅವರ ಮನೆಯ ಮುಂದಿನ ಕೋಣೆಯೇ ನಮ್ಮ ಕಡೆಯವರಿಗೆಲ್ಲ ರೊಟ್ಟಿಯ ಅಂಗಡಿ. ಫ್ಯಾಕ್ಟರಿಯವರು, ಆಫೀಸಿನವರು, ನನ್ನಂಥ ಕಾಲೇಜಿನವರು ಬೆಳಿಗ್ಗೆ ಬಂದು ಬಟ್ಟೆಯಲ್ಲಿ ಸುತ್ತಿಸಿಕೊಂಡು ಹೋಗುತ್ತೇವೆ. ನೀಲವ್ವನಿಗೆ ನನಗಿಂತ ನಾಲ್ಕೈದು ವರ್ಷ ಕಡಿಮೆಯಿರಬೇಕು, ಮಾತು ಮಾತ್ರ ನಮ್ಮವ್ವನ ವಯಸ್ಸಿನದು.

ಒಂದು ಬೆಳಿಗ್ಗೆ ನನ್ನ ಸರದಿಗೆ ಕಾಯುತ್ತ ಗೋಡೆಗೆ ಒರಗಿ ಬಾಯೊಳಗೇ ಪದ ಗೊಣಗುತ್ತಿದ್ದೆ. ನೀಲವ್ವ ಮಣೆಯ ಮೇಲೆ ಹಿಟ್ಟಿನ ಉಂಡೆ ಇಟ್ಟು ಬಡಿಯುತ್ತಿದ್ದಳು. ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು.

"ಏನ್ರಿ ಅಕ್ಕಾರ, ಏನ್ ಮಂತ್ರ ಹೇಳಾಕತ್ತೀರಿ? ನನ್ನ ಕೈ ನಿಮ್ಮ ಬಾಯಿ ಹಿಂದ ಹೊಂಟೈತಿ."

ಯಾಕೋ ಅವಳ ಮುಂದೆ ಎಲ್ಲ ಹೇಳಿಬಿಟ್ಟೆ. ಮುಂದಿನ ಸಾಲಿನ ತರುಣಿಯರನ್ನೂ ಮೃದುವಾದ ಅಧ್ಯಕ್ಷರನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿ, ಪದವನ್ನು ತುಂಡು ತುಂಡಾಗಿ ಹೇಳಿಸಿದಳು. ಅವಳ ಬಾಯಲ್ಲಿ ಮೊದಲು ಒಂದು 'ಇ' ಸೇರಿಕೊಂಡಿತು, ರೊಟ್ಟಿ ಬಡಿಯುವ ಮೊದಲು ಅಂಗೈಗೆ ಚೂರು ಹಿಟ್ಟು ಹಚ್ಚಿಕೊಂಡ ಹಾಗೆ. ಇಸ್ಪೆಕ್, ಟ್ರೋ, ಫೋ, ಟೋ, ಮೆ, ಟ್ರಿಕ್.

"ಫೋಟೋ ಗೊತ್ತೈತಿ. ಮೆಟ್ರಿಕ್ಕೂ ಗೊತ್ತೈತಿ, ಎರಡು ಸಲ ಫೇಲ್ ಆಗೇನಿ. ಇದರಾಗ ಅಂಜೂದು ಏನೈತ್ರಿ?"

"ಎಲ್ಲಾನೂ ಸಮ ಹೇಳಬಾರದಂತ ನೀಲವ್ವ. ಐದನೇದು ಜೋರು ಹೇಳಬೇಕಂತ."

"ಹೌದಲ್ಲರಿ ಮತ್ತ," ಅಂದಳು, ಇದೇನು ಹೊಸ ವಿಷಯ ಎಂಬಂತೆ. "ಒಂದ ಸಮ ಬಡದ್ರ ರೊಟ್ಟಿ ಹರೀತೈತಿ. ನಾಕು ಮೆಲ್ಲಕ ಬಡದು ಐದನೇದಕ್ಕ ಜೀವ ಹಾಕಬೇಕು, ಆಮ್ಯಾಲ ಒಂದು ಹಗೂರ ಬಡದು ತಿರುವಿ ಬಿಡಬೇಕು. ನೋಡ್ರಿಲ್ಲೆ."

ಅವಳು ಬಡಿದು ತೋರಿಸಿದಳು. ಟಪ ಟಪ ಟಪ ಟಪ, ಧಪ್, ಟಪ. ಐದನೆಯ ಬಡಿತಕ್ಕೆ ಹಿಟ್ಟು ಸುತ್ತಲೂ ಅಗಲವಾಯಿತು, ಆರನೆಯದಕ್ಕೆ ತಾನಾಗಿ ತಿರುಗಿತು. ರೋಣದ ಒಲೆಯ ಮುಂದೆ ದಿನವೂ ನನ್ನ ಕಿವಿಗೆ ಬಿದ್ದದ್ದು ಇದೇ ಸದ್ದು. ನಾನು ಮಾತ್ರ ಮಾಸ್ತರರ ದೊಣ್ಣೆಯನ್ನು ನಂಬಿಕೊಂಡು ಅವ್ವನ ಕೈಯನ್ನು ಕೇಳಿಸಿಕೊಂಡೇ ಇರಲಿಲ್ಲ.

ಮರುದಿನದಿಂದ ಅರ್ಧ ಗಂಟೆ ಮೊದಲೇ ಹೋಗತೊಡಗಿದೆ. ನೀಲವ್ವ ನನ್ನನ್ನೂ ಮಣೆಯ ಮುಂದೆ ಕೂರಿಸಿದಳು. ಬಾಯಿ ಮತ್ತು ಕೈ ಒಟ್ಟಿಗೆ ನಡೆಯಬೇಕು ಎಂಬುದು ಅವಳ ನಿಯಮ. ನನ್ನ ಮೊದಲ ರೊಟ್ಟಿಗಳು ಕರ್ನಾಟಕದ ನಕ್ಷೆಯ ಹಾಗೆ ಬಂದವು. ಅವುಗಳನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ, ನೀಲವ್ವ ದಿನವೂ ಒಂದೇ ತೀರ್ಪು ಕೊಡುತ್ತಿದ್ದಳು. "ಉಬ್ಬಲಿಲ್ರಿ ಅಕ್ಕಾರ." ಅದು ರೊಟ್ಟಿಗೆ ಹೇಳಿದ್ದೋ ಪದಕ್ಕೆ ಹೇಳಿದ್ದೋ ನಾನು ಕೇಳಲು ಹೋಗಲಿಲ್ಲ. ರೊಟ್ಟಿಗೆ ಬಂದ ಗಿರಾಕಿಗಳೂ ಕಲಿತರು. ಒಬ್ಬ ಇಂಜಿನಿಯರ್ ಹುಡುಗಿ ಹೆಲ್ಮೆಟ್ ತೆಗೆಯದೆಯೇ "ಮೆಟ್ ಇನ್ನೂ ಸ್ವಲ್ಪ ಜೋರು ಆಂಟಿ" ಎಂದು ಹೇಳಿ ಹೋದಳು. ಮನೆಯಲ್ಲೂ ಅಭ್ಯಾಸಕ್ಕೆಂದು ಒಂದು ಭಾನುವಾರ ಹಿಟ್ಟಿನ ಕೈಯಲ್ಲಿ ಗೋಡೆಗೆ ಆ ಆರು ಬೊಟ್ಟು ಒತ್ತಿದೆ. ನಮ್ಮ ಮನೆಯವರು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವರು, ಸ್ಕೇಲು ತಂದು ಬೊಟ್ಟುಗಳ ನಡುವಿನ ಅಂತರ ಸಮವಿಲ್ಲ ಅಂದರು. ಮೇಘಾ ಮೊದಲನೆಯದಕ್ಕೂ ಮೂರನೆಯದಕ್ಕೂ ಕೊಂಚ ಸ್ಟ್ರೆಸ್ ಇದೆ, ಅವನ್ನು ಸ್ವಲ್ಪ ದೊಡ್ಡದು ಮಾಡು ಅಂದಳು. ಇಬ್ಬರನ್ನೂ ಅಡುಗೆಮನೆಯಿಂದ ಹೊರಗೆ ಕಳಿಸಿದೆ.

ವೈವಾ ದಿನ ಊಟದ ಏರ್ಪಾಡು ಅಭ್ಯರ್ಥಿಯದು. ಯಾವ ನಿಯಮಪುಸ್ತಕದಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಪ್ರಶ್ನೆ ಮುಗಿಯಬೇಕು, ಪರೀಕ್ಷಕರು ಪಕ್ಕದ ಕೋಣೆಯಲ್ಲಿ ಕೂತು ವರದಿ ಬರೆಯಬೇಕು, ಹೊರಗೆ ಬಂದು ಫಲಿತಾಂಶ ಘೋಷಿಸಬೇಕು, ಚಪ್ಪಾಳೆ, ಆಮೇಲೆ ಊಟ. ನಾನು ನೀಲವ್ವನಿಗೇ ಹೇಳಿದೆ. ತಣ್ಣಗಾದ ರೊಟ್ಟಿ ತರುವುದಕ್ಕೆ ಅವಳು ಸುತರಾಂ ಒಪ್ಪಲಿಲ್ಲ. ಸಭಾಂಗಣದ ಹಿಂದಿನ ವರಾಂಡದಲ್ಲಿ ಒಲೆ, ಹಂಚು, ಮಣೆ ಎಲ್ಲ ಹೂಡಿದಳು. ಎಣ್ಣೆಗಾಯಿ ಪಲ್ಯದ ಪಾತ್ರೆ ಮುಚ್ಚಿಟ್ಟು, ಸೀರೆಯ ಸೆರಗು ಸರಿಮಾಡಿಕೊಂಡು, ನನ್ನ ಮಾತು ಕೇಳಲು ಒಳಗೆ ಬಂದು ಕೊನೆಯ ಸಾಲಿನಲ್ಲಿ ಕೂತಳು.

ನನ್ನ ಹೆಸರು ಕರೆದರು. ಹೋಗಿ ಮೈಕಿನ ಮುಂದೆ ನಿಂತೆ. ಮುಂದಿನ ಸಾಲಿನಲ್ಲಿ ಪರೀಕ್ಷಕರು, ಗೈಡ್ ಮೇಡಂ, ಹಿಂದೆ ಸಹೋದ್ಯೋಗಿಗಳು, ವಿದ್ಯಾರ್ಥಿಗಳು, ಮೇಘಾ. ಅಲ್ಲಿದ್ದ ಯಾವ ಹುಡುಗಿಯ ತುಟಿಯೂ ಅಲುಗಿರಲಿಲ್ಲ, ನನ್ನ ಕಣ್ಣಿಗೆ ಎಲ್ಲರೂ ತುಟಿ ಕಚ್ಚಿಕೊಂಡ ಹಾಗೇ ಕಂಡಿತು. ಸ್ಪೆಕ್ ಅನ್ನುವುದಕ್ಕೆ ಬಾಯಿ ತೆರೆದೆ, ದನಿ ಬರಲಿಲ್ಲ. ಪರೀಕ್ಷಕರು ಮುಂದಕ್ಕೆ ಬಾಗಿದರು. ಈಗ ಇವರು ಹೇಳಿಬಿಡುತ್ತಾರೆ, ಮೃದುವಾಗಿ ಹೇಳಿಬಿಡುತ್ತಾರೆ ಅನ್ನಿಸಿತು.

ಆಗ ನನ್ನ ಬಲಗೈ ನನ್ನನ್ನು ಕೇಳದೆಯೇ ಮೇಲೆದ್ದು ಮೈಕಿನ ಮೇಜನ್ನು ಬಡಿಯಿತು. ನೀಲವ್ವನ ಮಣೆಯ ಮುಂದೆ ಕೂತಂದಿನಿಂದ ಕೈಯಿಲ್ಲದೆ ಬಾಯಿ ಆಡಿರಲೇ ಇಲ್ಲವಲ್ಲ. ಟಪ ಟಪ ಟಪ ಟಪ, ಧಪ್, ಟಪ. ಮೈಕು ಪಕ್ಕದಲ್ಲೇ ಇತ್ತು. ಸದ್ದು ಸಭಾಂಗಣದ ನಾಲ್ಕು ಮೂಲೆಗೂ ಹೋಗಿ ಅಪ್ಪಳಿಸಿತು, ಯಾರದೋ ಕೈಯಿಂದ ಪೆನ್ನು ಬಿತ್ತು. ಆದರೆ ಬಡಿತದ ಜೊತೆಗೆ ಪದವೂ ಬಂದಿತ್ತು. ಪೂರ್ತಿ, ಎಲ್ಲೂ ಹರಿಯದೆ, ಐದನೆಯದಕ್ಕೆ ಅಗಲವಾಗಿ ಆರನೆಯದಕ್ಕೆ ತಿರುಗಿ. ಉಳಿದ ಶೀರ್ಷಿಕೆ, ಎಂಟು ವರ್ಷದ ನೀರು, ಎಲ್ಲ ಅದರ ಹಿಂದೆ ತಾನಾಗಿ ಹರಿದು ಬಂತು. ಗೈಡ್ ಮೇಡಂ ಹಣೆಗೆ ಕೈ ಹಚ್ಚಿ ಕೂತಿದ್ದರು. ನಾನು ಅವರನ್ನು ನೋಡಲಿಲ್ಲ, ಕೊನೆಯ ಸಾಲನ್ನು ನೋಡಿದೆ. ನೀಲವ್ವ ಕಣ್ಣು ಮುಚ್ಚಿಕೊಂಡು ತೊಡೆಯ ಮೇಲೆ ಬೆರಳು ಎಣಿಸುತ್ತಿದ್ದಳು.

ಪರೀಕ್ಷಕರು ಮಂಡ್ಯದ ಕಡೆಯ ಹಿರಿಯರು. ಪ್ರಶ್ನೆಗಳು ಚೂಪಾಗಿದ್ದವು, ನ್ಯಾಯವಾಗಿದ್ದವು. ಎರಡನೆಯ ಪ್ರಶ್ನೆಯಲ್ಲಿ ಆ ಪದ ಅವರ ಬಾಯಲ್ಲೂ ಬಂತು. ಬಂದದ್ದು ಥೇಟ್ ರಾಗಿಮುದ್ದೆಯ ಹಾಗೆ. ಅಂಚಿಲ್ಲ, ಮೂಲೆಯಿಲ್ಲ, ಗುಂಡಗೆ, ನುಂಗುವುದಕ್ಕೆಂದೇ ಮಾಡಿದ್ದು. ಸಭೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಕೊನೆಯ ಸಾಲಿನಿಂದ ಮಾತ್ರ "ಚ್ಚು" ಎಂದು ಲೊಚಗುಟ್ಟಿದ್ದು ಕೇಳಿಸಿತು.

ಪ್ರಶ್ನೆ ಮುಗಿದು ಪರೀಕ್ಷಕರು ಪಕ್ಕದ ಕೋಣೆಗೆ ಹೋದರು. ಹತ್ತು ನಿಮಿಷವಾಯಿತು, ಹದಿನೈದಾಯಿತು. ವರಾಂಡದಿಂದ ರೊಟ್ಟಿ ಸುಡುವ ಪರಿಮಳ ಬರತೊಡಗಿತು. ನಾನು ಹಿಂದೆ ಹೋಗಿ ನೀಲವ್ವನನ್ನು ಕೇಳಿದೆ, "ಉಬ್ಬಿತೇನ?"

"ತಡೀರಿ ಅಕ್ಕಾರ. ಹಂಚಿನ ಮ್ಯಾಲ ಐತಿ. ಇನ್ನೊಂದು ಮಗ್ಗಲಾ ಬೇಯಲಿ."

ಅಷ್ಟು ಹೇಳಿ ಸೌಟು ಕೆಳಗಿಟ್ಟು, ನಾನು ಬೇಡ ಬೇಡ ಅನ್ನುವಷ್ಟರಲ್ಲಿ, ನೇರವಾಗಿ ಪರೀಕ್ಷಕರ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

"ಸಾಹೇಬ್ರ, ರೊಟ್ಟಿ ಬಿಸಿ ಅದಾವು. ನಿಮ್ಮ ಕಾಗದ ಆಮ್ಯಾಲೂ ಬರೀಬಹುದು, ಇವು ಆಮ್ಯಾಲ ಚರ್ಮ ಆಗತಾವು. ಬರ್ರಿ."

ಗೈಡ್ ಮೇಡಂ ನನ್ನ ತೋಳು ಹಿಡಿದುಕೊಂಡರು. "ಸುನಂದಾ, ರಿಸಲ್ಟ್‌ಗೆ ಮುಂಚೆ ಎಕ್ಸಾಮಿನರ್‌ಗೆ ಊಟ ಹಾಕ್ತಿದಾರಲ್ರೀ. ನೋಡಿದವ್ರು ಏನ್ ಅಂದ್ಕೋತಾರೆ?" ಅವರ ಮುಖ ಬಿಳಿಚಿಕೊಂಡಿತ್ತು. ಅಷ್ಟರಲ್ಲಿ ಹಿರಿಯರು ಪೆನ್ನಿಗೆ ಟೋಪಿ ಹಾಕಿಕೊಂಡು ಹೊರಗೆ ಬಂದರು.

"ವರದಿ ಬರೆದು ಸಹಿ ಮಾಡಿ ಆಗಿದೆ ಮೇಡಂ, ಇನ್ನು ರೊಟ್ಟಿ ಅದನ್ನ ತಿದ್ದೋಕಾಗಲ್ಲ," ಎಂದು ಗೈಡ್ ಮೇಡಂಗೆ ಹೇಳಿ ನೀಲವ್ವನ ಕಡೆ ತಿರುಗಿದರು. "ನಡೀಮ್ಮ. ಆಗ ಹಿಂದುಗಡೆಯಿಂದ ಚ್ಚು ಅಂದಿದ್ದು ನೀನೇ ಅಲ್ವಾ? ನನ್ನ ಪ್ರಶ್ನೇಲಿ ಏನ್ ತಪ್ಪಿತ್ತು?"

ನೀಲವ್ವ ಅವರ ತಟ್ಟೆಗೆ ರೊಟ್ಟಿ ಹಾಕುತ್ತ, "ಪ್ರಶ್ನೆ ನನಗೇನ್ ತಿಳೀತೈತ್ರಿ. ಆ ಮಾತಿನಾಗ ನೀವು ಐದನೇದು ಜೋರು ಬಡೀಲೇ ಇಲ್ಲ," ಅಂದಳು.

ಅವರು ಅರ್ಥವಾಗದೆ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ನೀಲವ್ವ ಒಂದು ಹಿಟ್ಟಿನ ಉಂಡೆಯನ್ನು ಮಣೆಯ ಮೇಲಿಟ್ಟು ಅವರ ಮುಂದೆ ಸರಿಸಿದಳು. ಊಟ ಮುಗಿಸಿ ಕೈ ತೊಳೆದು, ಕೋಟಿನ ತೋಳು ಮಡಚಿ, ಅಷ್ಟು ದೊಡ್ಡ ಮನುಷ್ಯರು ಆ ವರಾಂಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಡಿದರು. ಹಿಟ್ಟು ಮಧ್ಯಕ್ಕೆ ಹರಿಯಿತು.

"ನಮ್ಮ ಕಡೆ ಮುದ್ದೆ ಕಣಮ್ಮ. ತಿರುವಿ ಅಭ್ಯಾಸ, ಬಡಿದು ಅಭ್ಯಾಸವಿಲ್ಲ."

"ಅದಕ್ಕ ಹಂಗ ಬಂತು," ಅಂದಳು ನೀಲವ್ವ.

ಅವರು ಬಹಳ ಹೊತ್ತು ನಕ್ಕರು. ಆಮೇಲೆ ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ನನಗೆ ಮಾತ್ರ ಕೇಳುವ ಹಾಗೆ ಅಂದರು. "ಮೂವತ್ತೈದು ವರ್ಷದಿಂದ ಈ ಪದ ಹೇಳ್ತಿದೀನಿ. ಹುಡುಗನಾಗಿದ್ದಾಗ ಒಂದ್ಸಲ ನಕ್ಕಿದ್ರು, ಆಮೇಲೆ ಬೇಗ ಬೇಗ ನುಂಗಿ ಹೇಳೋದು ಕಲಿತೆ. ನಗೋವಷ್ಟು ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ. ತಿದ್ದೋವಷ್ಟು ಸಲಿಗೆಯೂ ಇರಲಿಲ್ಲ ಅನ್ನಿ."

ಸ್ಟ್ರಿಕ್ಟು ಎಂದು ನಾನು ಹೆದರಿದ ಹಿರಿಯರೂ ಒಂದು ಕಾಲಕ್ಕೆ ನನ್ನ ಹಾಗೆ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವರೇ. ನನಗೆ ಅವರ ಮೇಲೆ ಒಮ್ಮೆಲೇ ಅಣ್ಣನೆನ್ನುವಷ್ಟು ಪ್ರೀತಿ ಬಂತು. "ಇನ್ನೊಂದು ರೊಟ್ಟಿ ಹಾಕಿಸಲಾ ಸರ್?" ಎಂದಷ್ಟೇ ಕೇಳಿದೆ.

ಊಟವಾದ ಮೇಲೆ ಎಲ್ಲರೂ ಮತ್ತೆ ಒಳಗೆ ಸೇರಿದರು. ನೀಲವ್ವ ಒಲೆ ಆರಿಸಿ ಬಂದು ಬಾಗಿಲಲ್ಲೇ ನಿಂತಳು, ಕೈಯೆಲ್ಲ ಹಿಟ್ಟು. ಹಿರಿಯರು ಮೈಕಿನ ಮುಂದೆ ನಿಂತು ಘೋಷಣೆಯ ಹಾಳೆ ತೆರೆದರು. ಶ್ರೀಮತಿ ಸುನಂದಾ ಅವರು ಸಲ್ಲಿಸಿದ ಮಹಾಪ್ರಬಂಧ ಎಂದು ಇಂಗ್ಲಿಷಿನಲ್ಲಿ ಓದುತ್ತ ಶೀರ್ಷಿಕೆಯ ಹತ್ತಿರ ಬಂದು ನಿಂತುಬಿಟ್ಟರು. ಆ ನಿಲ್ಲುವಿಕೆ ಎಂಥದ್ದೆಂದು ಅಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವರ ಪರವಾಗಿ ನಾನು ಹೇಳಿಬಿಡಬಹುದಿತ್ತು. ಹೇಳಲಿಲ್ಲ. ತುಟಿ ಬಿಗಿಹಿಡಿದು ಕಾದೆ.

ಅವರು ಹಾಳೆಯಿಂದ ತಲೆಯೆತ್ತಿ ಬಾಗಿಲಿನ ಕಡೆ ನೋಡಿದರು. ಬಲಗೈ ಎತ್ತಿದರು. ಮೇಜಿನ ಮೇಲೆ ಮೆಲ್ಲಗೆ ನಾಲ್ಕು, ಆಮೇಲೆ ಮೈಕು ನಡುಗುವ ಹಾಗೆ ಒಂದು, ಕೊನೆಗೆ ಹಗುರಾಗಿ ಒಂದು. ಪದ ಅಂಚು ಅಂಚು ಬಿಡಿಸಿಕೊಂಡು ಹೊರಗೆ ಬಂತು. ವಿದ್ಯಾರ್ಥಿಗಳು ನಗುತ್ತ ಚಪ್ಪಾಳೆ ತಟ್ಟಿದರು, ಗೈಡ್ ಮೇಡಂ ಕೂಡ ತಟ್ಟಿದರು. ಆ ಗದ್ದಲದಲ್ಲಿ ನನ್ನ ಹೆಸರಿನ ಹಿಂದೆ ಡಾಕ್ಟರ್ ಎಂದು ಅವರು ಸೇರಿಸಿದ್ದು ನನಗೆ ಕೇಳಿಸಲೇ ಇಲ್ಲ, ಆಮೇಲೆ ಮೇಘಾ ಹೇಳಿದಳು.

ನಾನು ಬಾಗಿಲಿನ ಕಡೆ ತಿರುಗಿದೆ. ನೀಲವ್ವ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬಿಳಿ ಮಾಡಿಕೊಂಡಿದ್ದಳು.

"ಈಗ ಉಬ್ಬಿತ್ ನೋಡ್ರಿ," ಅಂದಳು.